ಕ್ಲೋನ್ ಮಾಡಿದ ಲ್ಯಾಬ್ ಪಿಸಿಗಳಲ್ಲಿ ಶೇರ್ಡ್ ಫೋಲ್ಡರ್ ತೆರೆಯುತ್ತಿಲ್ಲ, ಪಾಸ್‌ವರ್ಡ್ ಸರಿ ಇದೆ

ಶಿರಸಿಯಿಂದ:
ಲ್ಯಾಬ್‌ನಲ್ಲಿ 24 ಪಿಸಿ, ಎಲ್ಲವೂ ವಿಂಡೋಸ್ 11, 24ಎಚ್2. ಒಂದನ್ನು ಸಿದ್ಧ ಮಾಡಿ ಉಳಿದವಕ್ಕೆ ಕ್ಲೋನ್‌ಜಿಲ್ಲಾದಲ್ಲಿ (ಡಿಸ್ಕ್ ನಕಲು ಮಾಡುವ ಸಾಫ್ಟ್‌ವೇರ್) ಇಳಿಸಿದ್ದು. ಹೆಸರು, ಐಪಿ ಬೇರೆ ಬೇರೆ. ಪಿಂಗ್ ಹೋಗುತ್ತದೆ. ಅಪ್‌ಡೇಟ್ ಆದಮೇಲೆ ಶೇರ್ಡ್ ಫೋಲ್ಡರ್ ಪಾಸ್‌ವರ್ಡ್ ಕೇಳುತ್ತಲೇ ಇರುತ್ತದೆ, ಒಳಗೆ ಬಿಡುವುದಿಲ್ಲ.

ಕಾರವಾರದಿಂದ:
ಫೋಲ್ಡರ್ ಇರುವ ಪಿಸಿಯಲ್ಲಿ ಇವೆಂಟ್ ವ್ಯೂವರ್ ತೆರೆದು ವಿಂಡೋಸ್ ಲಾಗ್ಸ್, ಸಿಸ್ಟಮ್ ನೋಡಿ. ಎಲ್‌ಎಸ್‌ಎ ಸರ್ವರ್ ಹೆಸರಲ್ಲಿ 6167 ನಂಬರಿನ ಇವೆಂಟ್ ಇದ್ದು, ಮಷಿನ್ ಐಡಿ ಭಾಗಶಃ ಹೊಂದುತ್ತಿಲ್ಲ ಎಂದಿದ್ದರೆ ಕಾರಣ ಸಿಕ್ಕಂತೆ: ಎಲ್ಲ ಪಿಸಿಗೂ ಒಂದೇ ಎಸ್‌ಐಡಿ (ವಿಂಡೋಸ್ ಪ್ರತಿ ಪಿಸಿಗೆ ಕೊಡುವ ಗುರುತಿನ ಸಂಖ್ಯೆ). ಹೆಸರು ಬದಲಿಸಿದರೆ ಎಸ್‌ಐಡಿ ಬದಲಾಗದು. 2025ರ ಆಗಸ್ಟ್ 29ರಿಂದ ಬಂದ ಅಪ್‌ಡೇಟ್‌ಗಳು ಇದನ್ನು ಬಿಗಿಯಾಗಿ ಪರೀಕ್ಷಿಸುತ್ತವೆ. ಅಪ್‌ಡೇಟ್ ತೆಗೆಯುವುದು ಪರಿಹಾರವಲ್ಲ, ಮುಂದಿನ ತಿಂಗಳು ಮತ್ತೆ ಬರುತ್ತದೆ. ಮಾಸ್ಟರ್ ಪಿಸಿಯಲ್ಲಿ (ನೀವು ಮೊದಲು ಸಿದ್ಧ ಮಾಡಿದ್ದು) ಸಿಸ್‌ಪ್ರೆಪ್ (ಕ್ಲೋನ್ ಮಾಡಲು ಪಿಸಿ ಸಿದ್ಧ ಮಾಡುವ ವಿಂಡೋಸ್ ಟೂಲ್) ಓಡಿಸಿ, ಹಳೆಯ ಎಸ್‌ಐಡಿ ಅಳಿಸುವ 'ಜನರಲೈಸ್' ಟಿಕ್ ಹಾಕಿ ಹೊಸ ಇಮೇಜ್ (ಡಿಸ್ಕಿನ ನಕಲು) ತೆಗೆಯಿರಿ.

ಶಿರಸಿಯಿಂದ:
6167 ಇದೆ. ಆದರೆ ಸಿಸ್‌ಪ್ರೆಪ್ 'ಇನ್‌ಸ್ಟಾಲೇಶನ್ ವ್ಯಾಲಿಡೇಟ್ ಮಾಡಲಾಗಲಿಲ್ಲ' ಎಂದು ನಿಂತುಬಿಡುತ್ತದೆ.

ಕಾರವಾರದಿಂದ:
ಸಿಸ್‌ಪ್ರೆಪ್ ಫೋಲ್ಡರಿನೊಳಗೆ ಪ್ಯಾಂಥರ್ ಎಂಬ ಫೋಲ್ಡರ್, ಅದರಲ್ಲಿ ಸೆಟಪ್‌ಆ್ಯಕ್ಟ್ ಲಾಗ್. ಕೊನೆಯಿಂದ ಮೇಲಕ್ಕೆ ಓದಿ. ಹೆಚ್ಚಾಗಿ ಎರಡರಲ್ಲೊಂದು.

ಬಿಟ್‌ಲಾಕರ್ (ಡಿಸ್ಕ್ ಎನ್‌ಕ್ರಿಪ್ಷನ್) ಆನ್ ಇದೆ ಎಂದಿದ್ದರೆ ಪೂರ್ತಿ ಆಫ್ ಮಾಡಿ. ಸಸ್ಪೆಂಡ್ ಮಾಡಿದರೆ ಸಾಲದು. ಡಿಕ್ರಿಪ್ಷನ್ ಮುಗಿಯುವವರೆಗೆ ಕಾಯಬೇಕು. ನೀವು ಆನ್ ಮಾಡದಿದ್ದರೂ 24ಎಚ್2 ತಾನೇ ಆನ್ ಮಾಡಿಕೊಂಡಿರಬಹುದು.

ಇನ್ನೊಂದು 0x80073ಸಿಎಫ್2 ಎಂಬ ಎರರ್ ಕೋಡ್. ಯಾವುದೋ ಸ್ಟೋರ್ ಆ್ಯಪ್ ಒಬ್ಬ ಯೂಸರ್‌ಗೆ ಮಾತ್ರ ಇನ್‌ಸ್ಟಾಲ್ ಆಗಿದೆ, ಎಲ್ಲರಿಗೂ ಪ್ರೊವಿಷನ್ ಆಗಿಲ್ಲ. ಪ್ಯಾಕೇಜ್ ಹೆಸರು ಆ ಸಾಲಿನಲ್ಲೇ ಇರುತ್ತದೆ. ಅಡ್ಮಿನ್ ಪವರ್‌ಶೆಲ್‌ನಲ್ಲಿ ಎಲ್ಲ ಯೂಸರ್‌ಗಳಿಂದಲೂ ರಿಮೂವ್ ಮಾಡಿ. ಒಂದನ್ನು ತೆಗೆದರೆ ಮುಂದಿನದು ಅಡ್ಡ ಬರುತ್ತದೆ, ಅದಕ್ಕೂ ಅದೇ ಮದ್ದು. ಮೊದಲು ನೆಟ್ ಕೇಬಲ್ ಕಿತ್ತಿಡಿ ಮಾರಾಯ್ರೆ, ಇಲ್ಲದಿದ್ದರೆ ನೀವು ತೆಗೆಯುತ್ತಿದ್ದಂತೆ ಸ್ಟೋರ್ ಇನ್ನೊಂದನ್ನು ತಂದು ಹಾಕುತ್ತದೆ.

ಕೊನೆಯಲ್ಲಿ 'ಶಟ್‌ಡೌನ್' ಆರಿಸಿ, 'ರೀಬೂಟ್' ಬೇಡ. ಆಫ್ ಆದ ಮಾಸ್ಟರನ್ನು ನೇರ ಕ್ಲೋನ್‌ಜಿಲ್ಲಾ ಯುಎಸ್‌ಬಿಯಿಂದಲೇ ಎಬ್ಬಿಸಿ. ಒಮ್ಮೆ ವಿಂಡೋಸ್‌ಗೆ ಬೂಟ್ ಆದರೆ ಅದು ಹೊಸ ಎಸ್‌ಐಡಿ ಹುಟ್ಟಿಸಿಕೊಳ್ಳುತ್ತದೆ, ಅದೇ ನಂಬರ್ ಮತ್ತೆ 24 ಪಿಸಿಗೂ ಹೋಗುತ್ತದೆ.

ಕುಮಟಾದಿಂದ:
ಅನ್‌ಅಟೆಂಡ್ ಫೈಲ್ (ಸೆಟಪ್ ಕೇಳುವ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಟ್ಟ ಫೈಲ್) ಇಲ್ಲದೆ ಹೊರಟರೆ ಪ್ರತಿ ಪಿಸಿಯೂ ದೇಶ, ಕೀಬೋರ್ಡ್, ಖಾತೆ ಎಲ್ಲ ಕೇಳುತ್ತದೆ. ಲೋಕಲ್ ಖಾತೆಯನ್ನು ಅದರಲ್ಲೇ ಬರೆದಿಡಿ. ಕಂಪ್ಯೂಟರ್ ನೇಮ್ ಜಾಗದಲ್ಲಿ * ಹಾಕಿದರೆ ಒಂದೊಂದಕ್ಕೂ ಬೇರೆ ಹೆಸರು ತಾನೇ ಬರುತ್ತದೆ. ಕನ್ನಡ ಕೀಬೋರ್ಡ್ ಬೇಕಿದ್ದರೆ ಇನ್‌ಪುಟ್ ಲೊಕೇಲ್‌ನಲ್ಲಿ ಇಂಗ್ಲಿಷಿನ ಜೊತೆ 044ಬಿ:0000044ಬಿ ಸೇರಿಸಿ.

ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಇಳಿಸಲು ಹೋಗಬೇಡಿ. ಮೊದಲ ಬೂಟ್ ನಡೆಯುವಾಗ ಕರೆಂಟ್ ಹೋದರೆ 'ಅನಿರೀಕ್ಷಿತವಾಗಿ ರೀಸ್ಟಾರ್ಟ್ ಆಯಿತು' ಎಂಬ ಸಂದೇಶದಲ್ಲೇ ಸುತ್ತುತ್ತಿರುತ್ತದೆ. ಅದನ್ನು ರಿಪೇರಿ ಮಾಡುತ್ತ ಕೂರುವ ಬದಲು ಇಮೇಜ್ ಮತ್ತೆ ಇಳಿಸುವುದೇ ಬೇಗ.

ಶಿರಸಿಯಿಂದ:
ಬಿಟ್‌ಲಾಕರ್ ಆಫ್ ಮಾಡಿ ಎರಡು ಆ್ಯಪ್ ತೆಗೆದ ಮೇಲೆ ಸಿಸ್‌ಪ್ರೆಪ್ ಮುಗಿಯಿತು. ಎಸ್‌ಐಡಿ ಬೇರೆಯಾಗಿದೆ ಎಂದು ನೋಡುವುದು ಹೇಗೆ?

ಕಾರವಾರದಿಂದ:
ಮೊದಲು ಎರಡೇ ಪಿಸಿಗೆ ಇಳಿಸಿ. ಎರಡರಲ್ಲೂ ಲೋಕಲ್ ಖಾತೆಯಲ್ಲಿ 'ಹೂಆ್ಯಮ್‌ಐ' ಕಮಾಂಡನ್ನು ಯೂಸರ್ ಸ್ವಿಚ್ ಜೊತೆ (whoami /user) ಕೊಡಿ. ಎಸ್-1-5-21 ಆದಮೇಲೆ ಮೂರು ಉದ್ದ ಸಂಖ್ಯೆ, ಕೊನೆಗೆ 1001ರಂಥದ್ದೊಂದು. ಕೊನೆಯದು ಒಂದೇ ಇದ್ದರೆ ತೊಂದರೆಯಿಲ್ಲ, ನಡುವಿನ ಮೂರು ಬೇರೆ ಇರಬೇಕು. ಅಷ್ಟಾದರೆ ಉಳಿದ 22ಕ್ಕೆ ಇಳಿಸಿ.