ಸಹಾಯ ಬೇಕು: ಕೆನ್ಯಾ ಪ್ರವಾಸಕ್ಕೆ 2015ರ ಗೈಡ್‌ಬುಕ್ ಸಾಕೇ?

ನಮಸ್ಕಾರ. ಆಗಸ್ಟ್‌ನಲ್ಲಿ ಅಪ್ಪ-ಅಮ್ಮನ ಜೊತೆ ಕೆನ್ಯಾಕ್ಕೆ ಹೊರಟಿದ್ದೇವೆ. ಗೆಳೆಯರು ಕೊಟ್ಟ ಗೈಡ್‌ಬುಕ್ 2015ರದ್ದು. ಮೊಂಬಾಸಾದ ಫೋರ್ಟ್ ಜೀಸಸ್, ಲಾಮುವಿನ ಹಳೆಯ ಓಣಿಗಳ ವಿವರ ಎಷ್ಟು ಚೆನ್ನಾಗಿದೆಯೆಂದರೆ ಪುಸ್ತಕ ಕೆಳಗಿಡಲು ಮನಸ್ಸೇ ಬರುವುದಿಲ್ಲ. ಆದರೆ ನೈರೋಬಿ–ಮೊಂಬಾಸಾ ನಡುವೆ 2017ರಲ್ಲಿ ಶುರುವಾದ ಹೊಸ ರೈಲು ಇದರಲ್ಲಿಲ್ಲ. ಅದೇ ವರ್ಷ ಬಂದ ಪ್ಲಾಸ್ಟಿಕ್ ಚೀಲದ ನಿಷೇಧವೂ ಇಲ್ಲ. ಚಕ್ಕುಲಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವ ನಮ್ಮಂಥವರಿಗೆ ಇದು ಮುಖ್ಯ. 2024ರಿಂದ ವೀಸಾ ಬದಲು ಇಟಿಎ (ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಪಡೆಯುವ ಪ್ರಯಾಣದ ಅನುಮತಿ) ಬಂದಿದೆ, ಅದನ್ನೂ ಬೇರೆ ಕಡೆ ಓದಿಯೇ ತಿಳಿದೆ.

ಇತ್ತೀಚೆಗೆ ಹೋಗಿಬಂದವರು ದಯವಿಟ್ಟು ಹೇಳಿ: ಯಾವ ಗೈಡ್‌ಬುಕ್‌ನ ಹೊಸ ಆವೃತ್ತಿ ಕೊಳ್ಳಲಿ? ಅಪ್ಪನಿಗೆ ಮಂಡಿನೋವು. ನೈರೋಬಿಯಿಂದ ಮಸಾಯಿ ಮಾರಾ ವನ್ಯಧಾಮಕ್ಕೆ ರಸ್ತೆಯಲ್ಲಿ ಕರೆದೊಯ್ಯಬಹುದೇ, ವಿಲ್ಸನ್ ನಿಲ್ದಾಣದಿಂದ ಸಣ್ಣ ವಿಮಾನವೇ ವಾಸಿಯೇ? ಅಲ್ಲಿ ನದಿ ದಾಟುವ ವಿಲ್ಡಬೀಸ್ಟ್ (ಆಫ್ರಿಕಾದ ದೊಡ್ಡ ಹುಲ್ಲೆ) ಹಿಂಡನ್ನು ಅವರಿಗೆ ತೋರಿಸಲೇಬೇಕೆಂಬ ಆಸೆ.