ಬೆಳ್ಳುಳ್ಳಿ ಎಣ್ಣೆಯ ಬಾಟಲಿ: ಪುಟ್ಟಿಗೆ ಅತ್ತೆಯ ಉತ್ತರ

ಪುಟ್ಟಿ, ಮನೆಯವರ ಗುಂಪಿನಲ್ಲಿ ನೀನು ಹಾಕಿದ ಪ್ರಶ್ನೆಯನ್ನು ಬೆಳಿಗ್ಗೆಯೇ ನೋಡಿದೆ; ಪೂಜೆ, ತಿಂಡಿ ಮುಗಿಸಿಕೊಂಡು ಈಗ ಕುಳಿತು ಧ್ವನಿ ಸಂದೇಶದಲ್ಲಿ ಹೇಳುತ್ತಿದ್ದೇನೆ. ಭಾನುವಾರ ರಾತ್ರಿ ನೀನು ಹಸಿ ಬೆಳ್ಳುಳ್ಳಿಯನ್ನು ಜಜ್ಜಿ, ಬೇಸಿಲ್ ಎಲೆಗಳನ್ನೂ ಸೇರಿಸಿ, ಬ್ರೆಡ್ಡನ್ನು ಅದ್ದಿ ತಿನ್ನುವುದಕ್ಕೆಂದು ಆಲಿವ್ ಎಣ್ಣೆಯಲ್ಲಿ ಹಾಕಿ, ಬಾಟಲಿಯನ್ನು ಒಲೆಯ ಪಕ್ಕದ ಕಟ್ಟೆಯ ಮೇಲೆಯೇ ಇಟ್ಟಿದ್ದೆ. ಇಂದು ಶುಕ್ರವಾರ, ಸಂಜೆ ಏಳು ಗಂಟೆಗೆ ನಿನ್ನ ಆಫೀಸಿನವರು ಊಟಕ್ಕೆ ಬರುತ್ತಾರೆ. ಈಗ ನೋಡಿದರೆ ಬೆಳ್ಳುಳ್ಳಿಯ ಸುತ್ತ ಸಣ್ಣ ಗುಳ್ಳೆಗಳಿವೆ, ವಾಸನೆ ಮಾತ್ರ ಚೆನ್ನಾಗಿಯೇ ಇದೆ, ಬಡಿಸಬಹುದೇ ಎಂದು ಕೇಳಿದ್ದೀಯೆ. ಅದರ ಕೆಳಗೆ ಅಣ್ಣ "ಎಣ್ಣೆಯಲ್ಲಿ ಮುಳುಗಿದ್ದು ಎಲ್ಲಿಯಾದರೂ ಕೆಡುತ್ತದೆಯೇ, ನಮ್ಮ ಉಪ್ಪಿನಕಾಯಿ ವರ್ಷವಿಡೀ ಇರುವುದಿಲ್ಲವೇ" ಎಂದು ಬರೆದಿದ್ದಾನೆ. ಮೈಸೂರಿನ ಅತ್ತಿಗೆಯವರು ಅದಕ್ಕೆ ಹೆಬ್ಬೆರಳು ಎತ್ತಿದ್ದಾರೆ. ಅಣ್ಣ ಹೇಳಿದ ಆ ಮಾತನ್ನೇ ನಾನೂ ಒಂದು ಕಾಲದಲ್ಲಿ ಹೇಳಿದ್ದೆನಾದ್ದರಿಂದ ಇವತ್ತು ಸುಮ್ಮನಿರಲಾರೆ.

2014ರಲ್ಲಿ ನಾನು ಅಮೆರಿಕದ ಫ್ರೀಮಾಂಟಿನಲ್ಲಿ ಮಗನ ಮನೆಯಲ್ಲಿ ಆರು ತಿಂಗಳು ಇದ್ದದ್ದು ನಿಮಗೆಲ್ಲ ಗೊತ್ತೇ ಇದೆ. ಒಂದು ಶನಿವಾರ ಅವರು ನನ್ನನ್ನು ಸ್ಯಾನ್ ಫ್ರಾನ್ಸಿಸ್ಕೋದ ನಾರ್ತ್ ಬೀಚ್ ಎಂಬ ಇಟಾಲಿಯನ್ನರ ಕೇರಿಗೆ ಕರೆದುಕೊಂಡು ಹೋದರು. ಅಲ್ಲಿಯ ಹೋಟೆಲೊಂದರಲ್ಲಿ ಊಟಕ್ಕೆ ಮೊದಲು ಬುಟ್ಟಿಯ ತುಂಬ ಬ್ರೆಡ್ಡನ್ನು ತಂದಿಟ್ಟ ಹುಡುಗ, ಒಂದು ಚಿಕ್ಕ ತಟ್ಟೆಗೆ ಒಣ ಸೊಪ್ಪಿನ ಪುಡಿಯನ್ನು ಉದುರಿಸಿ, ಜಜ್ಜಿದ ಬೆಳ್ಳುಳ್ಳಿಯನ್ನು ಇಷ್ಟೇ ಇಷ್ಟು ಹಾಕಿ, ನಮ್ಮ ಕಣ್ಣೆದುರಿನಲ್ಲಿಯೇ ಹಸಿರು ಛಾಯೆಯ ಎಣ್ಣೆಯನ್ನು ಸುರಿದ. ನನಗೆ ನಗು ಬಂತು. ಬಿಸಿ ದೋಸೆಯ ಪಕ್ಕದಲ್ಲಿ ಚಟ್ನಿಪುಡಿಗೆ ಗುಳಿ ಮಾಡಿ ಎಣ್ಣೆ ಹಾಕಿಕೊಂಡು ಬೆಳೆದವರು ನಾವು. ಧಾರವಾಡದ ಭಾವನ ಮನೆಯಲ್ಲಂತೂ ರೊಟ್ಟಿಗೆ ಶೇಂಗಾ ಹಿಂಡಿ, ಅದರ ಮೇಲೆ ಕುಸುಬೆ ಎಣ್ಣೆ ಇಲ್ಲದಿದ್ದರೆ ಊಟವೇ ಅಲ್ಲ. ಇದೂ ಅದೇ ಜಾತಿಯದು ಎಂದುಕೊಂಡು ತಿಂದೆ. ಆ ಎಣ್ಣೆ ಗಂಟಲಿನ ಹಿಂಭಾಗದಲ್ಲಿ ಸ್ವಲ್ಪ ಚುರುಕ್ ಎನ್ನಿಸುತ್ತದೆ. ಅದು ಕೆಟ್ಟ ಎಣ್ಣೆಯ ಲಕ್ಷಣವಲ್ಲ, ಹೊಸ ಎಣ್ಣೆಯ ಗುಣವಂತೆ. ನನಗೆ ಬಹಳ ಹಿಡಿಸಿತು.

ಹಿಡಿಸಿದ್ದೇ ತಪ್ಪಾಯಿತು. ಮರುದಿನವೇ ಎರಡು ಗೆಡ್ಡೆ ಬೆಳ್ಳುಳ್ಳಿಯನ್ನು ಸುಲಿದು, ಹಿತ್ತಿಲಿನ ರೋಸ್‌ಮೇರಿ ಕಡ್ಡಿಗಳನ್ನೂ ಬೇಸಿಲ್ ಎಲೆಗಳನ್ನೂ ತೊಳೆದು, ಖಾಲಿಯಾಗಿದ್ದ ದೊಡ್ಡ ಜಾಮ್ ಬಾಟಲಿಗೆ ತುಂಬಿ, ಮಗ ಹಬ್ಬಕ್ಕೆಂದು ತಂದಿಟ್ಟಿದ್ದ ಒಳ್ಳೆಯ ಎಣ್ಣೆಯಲ್ಲಿ ಅರ್ಧ ಲೀಟರಿನಷ್ಟನ್ನು ಕಂಠದವರೆಗೆ ಸುರಿದು, ಅಮ್ಮ ಮಿಡಿಯ ಭರಣಿಗೆ ಬಟ್ಟೆ ಕಟ್ಟುತ್ತಿದ್ದಷ್ಟೇ ಶ್ರದ್ಧೆಯಿಂದ ಮುಚ್ಚಳವನ್ನು ಬಿಗಿದು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟೆ. ಹತ್ತು ದಿನ ಇಟ್ಟೆ. ದಿನಕ್ಕೊಮ್ಮೆ ಅಲುಗಾಡಿಸಿದೆ ಕೂಡ. ಏಳನೆಯ ದಿನವೋ ಎಂಟನೆಯ ದಿನವೋ ಎಸಳುಗಳ ಅಂಚಿನಿಂದ ಸಣ್ಣ ಗುಳ್ಳೆಗಳು ಏಳುವುದನ್ನು ನೋಡಿ, ಉಪ್ಪಿನಕಾಯಿ ಹದಕ್ಕೆ ಬಂದಂತೆ ಇದೂ ಬರುತ್ತಿದೆ ಎಂದು ಸಂತೋಷಪಟ್ಟೆ.

ಹನ್ನೊಂದನೆಯ ದಿನ ಮೊಮ್ಮಗ, ಆಗ ಅವನಿಗೆ ನಾಲ್ಕು ವರ್ಷ, ಅಜ್ಜಿ ಏನು ಮಾಡಿದ್ದಾಳೆಂದು ಕೇಳಿದ. ತಟ್ಟೆಗೆ ಬಗ್ಗಿಸಿ, ಬ್ರೆಡ್ಡಿನ ತುಂಡನ್ನು ಅದ್ದಿ, ಅವನ ಕೈಗೆ ಕೊಟ್ಟೆ. ಅದು ಅವನ ಬಾಯಿಗೆ ಒಂದು ಗೇಣಿನಷ್ಟು ದೂರದಲ್ಲಿದ್ದಾಗ ಸೊಸೆ ಒಳಗೆ ಬಂದಳು. ಬಾಟಲಿಯನ್ನು ನೋಡಿದಳು, ತುಂಡನ್ನು ಕಿತ್ತುಕೊಂಡಳು, ಮಗುವಿನ ಕೈಯನ್ನು ಸೋಪು ಹಚ್ಚಿ ತೊಳೆದಳು, ತಟ್ಟೆ, ಬಾಟಲಿ ಎರಡನ್ನೂ ಚೀಲದಲ್ಲಿ ಕಟ್ಟಿ ಹೊರಗಿನ ಕಸದ ಡಬ್ಬಿಗೆ ಹಾಕಿ ಬಂದಳು. ಒಂದು ಮಾತನ್ನೂ ಆಡಲಿಲ್ಲ. ನಾನೂ ಆಡಲಿಲ್ಲ. ಮೂರು ದಿನ ಆ ಮನೆಯಲ್ಲಿ ಊಟಕ್ಕೆ ಕರೆಯುವುದಕ್ಕೂ ಮೊಮ್ಮಗನೇ ದೂತನಾಗಿದ್ದ.

ಅವಳ ಓದು ಸೂಕ್ಷ್ಮಜೀವಿಶಾಸ್ತ್ರದ್ದು. ನಾಲ್ಕನೆಯ ದಿನ ಅವಳೇ ಬಂದು ನನ್ನ ಪಕ್ಕದಲ್ಲಿ ಕುಳಿತು ಹೇಳಿದ ಮೇಲೆ ನನಗೆ ಕೈಕಾಲು ತಣ್ಣಗಾದವು. ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಮ್ ಎಂಬ ಸೂಕ್ಷ್ಮಜೀವಿ ಇರುತ್ತದೆ. ಅದರ ಬೀಜಕಣಗಳು ಮಣ್ಣಿನೊಳಗೆ ಬೆಳೆಯುವ ಬೆಳ್ಳುಳ್ಳಿಗೂ, ನೆಲಕ್ಕೆ ತಾಗಿದ ಸೊಪ್ಪಿಗೂ ಅಂಟಿಕೊಂಡಿರಬಹುದು. ಎಷ್ಟು ತೊಳೆದರೂ ಪೂರ್ತಿ ಹೋಯಿತೆಂದು ಹೇಳುವಂತಿಲ್ಲ. ಗಾಳಿಯಾಡುವ ಬುಟ್ಟಿಯಲ್ಲಿರುವಷ್ಟು ದಿನ ಅವು ನಿದ್ದೆಯಲ್ಲಿರುತ್ತವೆ. ಎಣ್ಣೆಯಲ್ಲಿ ಮುಳುಗಿಸಿದೆವೋ, ಗಾಳಿ ತಪ್ಪುತ್ತದೆ. ಬೆಳ್ಳುಳ್ಳಿಯಲ್ಲಿ ನೀರಿನ ಪಸೆ ಇದೆ, ಹುಳಿ ಇಲ್ಲ. ಅಡುಗೆಮನೆಯ ಬೆಚ್ಚಗಿನ ಹವೆಯೂ ಸೇರಿದರೆ ಅವು ಎಚ್ಚೆತ್ತು ನಂಜನ್ನು ಉಂಟುಮಾಡುತ್ತವೆ. ಆ ನಂಜಿಗೆ ಬಣ್ಣವಿಲ್ಲ, ರುಚಿಯಿಲ್ಲ, ಹೆಚ್ಚಿನ ವೇಳೆ ವಾಸನೆಯೂ ಇಲ್ಲ. ಆದುದರಿಂದಲೇ, ಪುಟ್ಟಿ, ವಾಸನೆ ಚೆನ್ನಾಗಿದೆ ಎಂಬ ನಿನ್ನ ಮಾತಿಗೆ ಯಾವ ಬೆಲೆಯೂ ಇಲ್ಲ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡಬಾರದು. ಒಂದು ರಾತ್ರಿಯೂ ಇಡಬಾರದು.

1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಹೀಗೆಯೇ ಆಯಿತೆಂದು ಅವಳು ಹೇಳಿದಳು. ಹೆಚ್ಚಿದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ತುಂಬಿ ಮಾರುವ ಬಾಟಲಿಗಳು. ತಣ್ಣಗಿಡಬೇಕೆಂದು ಚೀಟಿಯಲ್ಲಿ ಬರೆದಿದ್ದರೂ ಒಂದು ಹೋಟೆಲಿನವರು ಹೊರಗಿಟ್ಟಿದ್ದರು. ಅದರಿಂದ ಮಾಡಿದ್ದನ್ನು ತಿಂದು 36 ಮಂದಿ ಮಲಗಿದರು. ಬೇರೆ ಬೇರೆ ಊರುಗಳಿಗೆ ಚದುರಿಹೋಗಿದ್ದ ಅವರಲ್ಲಿ ಹಲವರಿಗೆ ಮೊದಲು ಇನ್ನಾವುದೋ ಕಾಯಿಲೆಯೆಂದು ಚಿಕಿತ್ಸೆ ಕೊಟ್ಟರಂತೆ. ಕೆಲವು ವರ್ಷಗಳ ಮೇಲೆ ನ್ಯೂಯಾರ್ಕ್ ರಾಜ್ಯದಲ್ಲಿಯೂ ಇಂಥದೇ ಘಟನೆ ನಡೆದು, ಅಮೆರಿಕದಲ್ಲಿ ಅಂಗಡಿಗೆ ಬರುವ ಬೆಳ್ಳುಳ್ಳಿ ಎಣ್ಣೆಗೆ ಹುಳಿಯನ್ನು ಸೇರಿಸಲೇಬೇಕೆಂದು ಕಡ್ಡಾಯ ಮಾಡಿದರು. ಅಂಗಡಿಯ ಬಾಟಲಿ ಕೆಡದೆ ಇರುವುದಕ್ಕೆ ಕಾರಣ ಆ ಹುಳಿ. ನಾವು ಮನೆಯಲ್ಲಿ ಮಾಡಿದ್ದರಲ್ಲಿ ಅದು ಇರುವುದಿಲ್ಲ.

ಈಗ ಅಣ್ಣನಿಗೆ ಹೇಳುತ್ತೇನೆ. ಅಣ್ಣಾ, ಉಪ್ಪಿನಕಾಯಿಯನ್ನು ಕಾಯುವುದು ಎಣ್ಣೆಯಲ್ಲ. ಅಮ್ಮ ಅಪ್ಪೆಮಿಡಿಯನ್ನು ಕಲ್ಲುಪ್ಪಿನಲ್ಲಿ ಹಾಕಿ, ಅದು ನೀರು ಬಿಟ್ಟು ಸುಕ್ಕಾಗುವವರೆಗೆ ದಿನವೂ ಮೇಲೆ ಕೆಳಗೆ ಮಾಡಿ, ಆ ಉಪ್ಪುನೀರನ್ನೇ ಕುದಿಸಿ ಆರಿಸಿ, ಅದರಲ್ಲಿ ಸಾಸಿವೆಯನ್ನೂ ಮೆಣಸಿನಕಾಯಿಯನ್ನೂ ರುಬ್ಬಿ ಬೆರೆಸುತ್ತಿದ್ದುದನ್ನು ನೀನೂ ನೋಡಿದ್ದೀಯೆ. ಎಣ್ಣೆ ಎಲ್ಲಿತ್ತು? ಒಂದು ಹನಿಯೂ ಇರಲಿಲ್ಲ. ಕಾದದ್ದು ಆ ಉಪ್ಪು ಮತ್ತು ಮಾವಿನ ಹುಳಿ. ಬೆಳ್ಳುಳ್ಳಿ ಉಪ್ಪಿನಕಾಯಿಗೂ ನಿಂಬೆಯ ರಸವನ್ನೋ ಹುಣಸೆಯನ್ನೋ ಧಾರಾಳವಾಗಿ ಹಾಕುವುದು ಬರಿಯ ರುಚಿಗಲ್ಲ. ಹುಳಿಯನ್ನು ಅಳೆಯುವ ಪಿಎಚ್ ಎಂಬ ಅಂಕಿ ಇಳಿದಷ್ಟೂ ಹುಳಿ ಹೆಚ್ಚು; ಅದು 4.6ಕ್ಕಿಂತ ಕೆಳಗಿದ್ದರೆ ಈ ಜೀವಿ ಬೆಳೆಯಲಾರದು. ಆ ಲೆಕ್ಕವನ್ನು ಓದದೆಯೇ ಅಮ್ಮ ಪಾಲಿಸುತ್ತಿದ್ದಳು. ನಮ್ಮಲ್ಲಿ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕುವವರು ಕಾದ ಎಣ್ಣೆಯಲ್ಲಿ ಅದನ್ನು ಕೆಂಪಗೆ ಹುರಿದು ಆ ಹೊತ್ತೇ ಉಣ್ಣುತ್ತಾರೆ. ಹಸಿ ಬೆಳ್ಳುಳ್ಳಿಯನ್ನು ಬರಿ ಎಣ್ಣೆಯಲ್ಲಿ ವಾರಗಟ್ಟಲೆ ನೆನೆಹಾಕುವ ಪದ್ಧತಿ ನಮ್ಮ ಮನೆಯಲ್ಲಿ ಎಂದೂ ಇರಲಿಲ್ಲ. ನಾನು ಇದ್ದಂತೆ ಭಾವಿಸಿಕೊಂಡೆ, ಅಷ್ಟೇ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಹತ್ತು ವರ್ಷಗಳಿಂದ ಇದು ನನ್ನ ಹೊಟ್ಟೆಯಲ್ಲಿಯೇ ಇದೆ. ಆ ದಿನ ಬಾಟಲಿಯನ್ನು ಎಸೆದದ್ದು ಸರಿ. ಆದರೆ ಅದರ ಜೊತೆಯಲ್ಲಿಯೇ, ನಾನು ಸಾಗರದಿಂದ ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸೀರೆಗಳ ಮಧ್ಯದಲ್ಲಿಟ್ಟು ಜೋಪಾನವಾಗಿ ಒಯ್ದಿದ್ದ ಮಿಡಿ ಉಪ್ಪಿನಕಾಯಿಯನ್ನೂ, ಅದೂ ಹೊರಗೆ ಇಟ್ಟದ್ದಲ್ಲವೇ ಎಂಬ ಅನುಮಾನದಲ್ಲಿ ಮಗ ಎಸೆದುಬಿಟ್ಟ. ಸೊಸೆ ಎಸೆಯಲಿಲ್ಲ, ನನ್ನ ಮಗನೇ ಎಸೆದ. ಉಪ್ಪಿನಿಂದ ಕಟಕಟ ಎನ್ನುತ್ತಿದ್ದ, ಮೂರು ವರ್ಷ ಹಳೆಯ, ಜೀರಿಗೆಯ ಪರಿಮಳದ ಆ ಹೊಳೆಯ ಬದಿಯ ಮರದ ಮಿಡಿ. ಏನೂ ಕೆಡದಿದ್ದುದನ್ನು, ಕೆಟ್ಟದ್ದರ ಜೊತೆಗೆ ಕಟ್ಟಿದರು. ಇನ್ನೊಮ್ಮೆ ಹಾಕೋಣವೆಂದರೆ ಆ ಮರವೂ ಈಗ ಇಲ್ಲ. ಅದನ್ನು ಯಾರು, ಎಷ್ಟು ರೂಪಾಯಿಗೆ ಕೊಟ್ಟರೆಂಬುದು ಈ ಗುಂಪಿನಲ್ಲಿ ಇರುವ ಎಲ್ಲರಿಗೂ ಗೊತ್ತು. ಉಪ್ಪಿನಕಾಯಿಯ ಉದಾಹರಣೆ ಕೊಡುವವರಿಗೆ ಇನ್ನೂ ಚೆನ್ನಾಗಿ ಗೊತ್ತು. ಮಿಡಿಯ ಬೆಲೆ ತಿಳಿಯದವರು ಎಣ್ಣೆಯ ಗುಣವನ್ನು ವಿವರಿಸುತ್ತಾರೆ. ಇರಲಿ.

ಫ್ರೀಮಾಂಟಿನಲ್ಲಿ ಮಗನ ಪಕ್ಕದ ಮನೆಯಲ್ಲಿ ಇಟಲಿಯ ಲುಕ್ಕಾ ಕಡೆಯ ಅಜ್ಜಿಯೊಬ್ಬರಿದ್ದರು. ಈ ಕಥೆಯನ್ನು ಕೇಳಿ ಅವರು ತಲೆಗೆ ಕೈ ಹಚ್ಚಿಕೊಂಡರು. ಬ್ರೆಡ್ಡಿನ ಜೊತೆಗೆ ಸೊಪ್ಪು ಬೆರೆಸಿದ ಎಣ್ಣೆಯ ಬಟ್ಟಲನ್ನು ಇಡುವುದು ಅಮೆರಿಕದ ಹೋಟೆಲುಗಳ ರೂಢಿಯೇ ಹೊರತು ತಮ್ಮ ಊರಿನದಲ್ಲವೆಂದರು. ಅವರ ಸೀಮೆಯಾದ ಟಸ್ಕನಿಯಲ್ಲಿ, ಚಳಿಗಾಲದ ಆರಂಭಕ್ಕೆ ಗಾಣದಿಂದ ಹೊಸ ಎಣ್ಣೆ ಬಂದಾಗ, ಬ್ರೆಡ್ಡಿನ ದಪ್ಪ ಹೋಳನ್ನು ಕೆಂಡದ ಮೇಲೆ ಸುಟ್ಟು, ಆ ಗರಿಗರಿ ಮೈಗೆ ಬೆಳ್ಳುಳ್ಳಿಯ ಎಸಳನ್ನು ತುರಿಯುವ ಹಾಗೆ ತಿಕ್ಕಿ, ಮೇಲೆ ಎಣ್ಣೆ ಸುರಿದು, ಉಪ್ಪು ಉದುರಿಸಿ ತಿನ್ನುತ್ತಾರೆ. ಫೆತ್ತುಂತಾ ಎಂದು ಅದರ ಹೆಸರು. ಬೆಳ್ಳುಳ್ಳಿ ಬ್ರೆಡ್ಡಿನ ಮೇಲೆ, ಎಣ್ಣೆ ತನ್ನ ಬಾಟಲಿಯಲ್ಲಿ, ಎರಡೂ ಸೇರುವುದು ಬಾಯಿಗೆ ಹೋಗುವ ಮುಂಚಿನ ಗಳಿಗೆಯಲ್ಲಿ. ನಾನು ಚಟ್ನಿಪುಡಿಯ ಮಾತನ್ನು ಹೇಳಿದಾಗ ಅವರಿಗೆ ಬಹಳ ಇಷ್ಟವಾಯಿತು. ನಿಜವಾಗಿ ನೋಡಿದರೆ ಅಂದು ನನಗೆ ಚಟ್ನಿಪುಡಿಯೇ ಸರಿಯಾದ ದಾರಿ ತೋರಿಸಿತ್ತು, ನಾನೇ ಉಪ್ಪಿನಕಾಯಿಯ ಕಡೆಗೆ ತಿರುಗಿದೆ. ಯಾರಾದರೂ ಚಟ್ನಿಪುಡಿಗೆ ಎಣ್ಣೆ ಕಲಸಿ ತಿಂಗಳು ಇಡುತ್ತಾರೆಯೇ?

ಆದುದರಿಂದ ಮತ್ತೊಮ್ಮೆ ಹೇಳುತ್ತೇನೆ, ಈ ಸಂದೇಶವನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ ಕೇಳುವವರೂ ಇಲ್ಲಿ ನಿಧಾನ ಮಾಡಿ: ಹಸಿ ಬೆಳ್ಳುಳ್ಳಿಯನ್ನಾಗಲಿ ಹಸಿ ಸೊಪ್ಪನ್ನಾಗಲಿ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡಬಾರದು. ಎಣ್ಣೆಯಲ್ಲಿ ಮೊದಲು ಬಾಡಿಸಿ ಇಟ್ಟರಾಗದೇ ಎಂದು ಅತ್ತಿಗೆಯವರು ಕೇಳುತ್ತಾರೆಂದು ನನಗೆ ಗೊತ್ತು. ಆಗುವುದಿಲ್ಲ. ಕುದಿಯುವ ನೀರಿನ ಬಿಸಿಗೂ ಆ ಬೀಜಕಣಗಳು ಸಾಯುವುದಿಲ್ಲ. ಕಾರ್ಖಾನೆಗಳಲ್ಲಿ ಒತ್ತಡದಲ್ಲಿ 121 ಡಿಗ್ರಿಗೆ ಕಾಯಿಸಿ ಡಬ್ಬಿ ಕಟ್ಟುವುದು ಅದಕ್ಕಾಗಿಯೇ.

ಅಯ್ಯೋ, ಹನ್ನೊಂದೂವರೆ ಆಯಿತು. ಸಂಜೆಗೆ ಏನು ಮಾಡಬೇಕೆಂಬುದನ್ನೇ ಹೇಳಲಿಲ್ಲ. ಪುಟ್ಟಿ, ಇದು ಹತ್ತು ನಿಮಿಷದ ಕೆಲಸ, ಗಾಬರಿಯಾಗಬೇಡ. ಆರೇಳು ಜನಕ್ಕೆ ಮುಕ್ಕಾಲು ಕಪ್ಪು ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ ಸಾಕು. ಒಂದು ಚಮಚ ಒಣ ಒರೆಗಾನೊ, ಅರ್ಧ ಚಮಚ ಒಣ ಬೇಸಿಲ್, ಅರ್ಧ ಚಮಚ ಕುಟ್ಟಿದ ಒಣಮೆಣಸಿನಕಾಯಿ, ಕಾಲು ಚಮಚ ಕರಿಮೆಣಸಿನ ಪುಡಿ, ಅರ್ಧ ಚಮಚ ಉಪ್ಪು, ಇವುಗಳನ್ನು ಅಂಗೈಯಲ್ಲಿ ತಿಕ್ಕಿ ಒಂದು ಬಟ್ಟಲಿಗೆ ಹಾಕು; ತಿಕ್ಕಿದರೆ ಘಮ ಬಿಡುತ್ತದೆ. ರೋಸ್‌ಮೇರಿ ಇದ್ದರೆ ಚಿಟಿಕೆಯಷ್ಟು, ಪುಡಿ ಮಾಡಿ ಹಾಕು, ಇಲ್ಲದಿದ್ದರೆ ಕಡ್ಡಿ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಅತಿಥಿಗಳು ಬರುವ ಕಾಲು ಗಂಟೆಯ ಮೊದಲು ಒಂದೇ ಒಂದು ಎಸಳು ಬೆಳ್ಳುಳ್ಳಿಯನ್ನು ಸಣ್ಣಗೆ ತುರಿದು ಸೇರಿಸಿ ಎಣ್ಣೆ ಹಾಕಿ ಕಲಕು. ಬಾಲ್ಸಾಮಿಕ್ ವಿನೆಗರ್ ಇದ್ದರೆ ಕೊನೆಗೆ ಎರಡು ಚಮಚ. ಇಲ್ಲದಿದ್ದರೆ ನಿಂಬೆಯ ರಸ ನಾಲ್ಕು ಹನಿ. ಎಣ್ಣೆಯನ್ನು ಬಿಸಿ ಮಾಡುವ ಅಗತ್ಯವಿಲ್ಲ. ಬ್ರೆಡ್ಡನ್ನು ಮಾತ್ರ ಕಾವಲಿಯ ಮೇಲೆ ಎರಡೂ ಕಡೆ ಗರಿಯಾಗಿಸು.

ಒಣ ಪುಡಿಯನ್ನು ಹೆಚ್ಚಾಗಿಯೇ ಮಾಡಿ ಚಟ್ನಿಪುಡಿಯ ಡಬ್ಬಿಯ ಪಕ್ಕದಲ್ಲಿ ಇಟ್ಟುಕೋ, ಅದು ತಿಂಗಳುಗಟ್ಟಲೆ ಇರುತ್ತದೆ. ಬೇಕಾದಾಗ ಎಣ್ಣೆ ಹಾಕು. ಬೆಳ್ಳುಳ್ಳಿ ಬೆರೆತ ಎಣ್ಣೆ ಉಳಿದರೆ, ಮೇಜಿನ ಮೇಲೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇದ್ದದ್ದನ್ನು ಚೆಲ್ಲಿಬಿಡು. ಬಡಿಸದೆ ಉಳಿದದ್ದನ್ನು ಕೂಡಲೇ ಫ್ರಿಜ್ಜಿಗೆ ಹಾಕಿದರೆ ನಾಲ್ಕು ದಿನದೊಳಗೆ ಮುಗಿಸಬೇಕು. ಅಲ್ಲಿ ಎಣ್ಣೆ ತುಪ್ಪದಂತೆ ಗಟ್ಟಿಯಾದರೆ ಹೆದರಬೇಡ, ಆಲಿವ್ ಎಣ್ಣೆಯ ಸ್ವಭಾವವೇ ಹಾಗೆ.

ಆ ಹಳೆಯ ಬಾಟಲಿಯಿಂದ ನೀನಾಗಲಿ ಅಳಿಯಂದಿರಾಗಲಿ ರುಚಿ ನೋಡಿದ್ದೀರಾ ಎಂದು ನೀನು ಬರೆದಿಲ್ಲ. ನೋಡಿದ್ದರೆ ಮೊದಲು ನನಗೆ ಫೋನ್ ಮಾಡು. ಕಣ್ಣು ಮಂಜಾಗುವುದು, ಒಂದು ವಸ್ತು ಎರಡಾಗಿ ಕಾಣುವುದು, ರೆಪ್ಪೆ ಜೋಲುವುದು, ನುಂಗುವುದಕ್ಕೆ ಕಷ್ಟ, ಮಾತು ತೊದಲುವುದು, ಇವುಗಳಲ್ಲಿ ಯಾವುದೊಂದು ಕಂಡರೂ, ಅದು ಒಂದೆರಡು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ತಡವಾಗಿಯೂ ಕಾಣಬಹುದು, ನಾಳೆ ನೋಡೋಣವೆನ್ನದೆ ದೊಡ್ಡ ಆಸ್ಪತ್ರೆಗೆ ಹೋಗಿ ಬೆಳ್ಳುಳ್ಳಿ ಎಣ್ಣೆ ತಿಂದದ್ದನ್ನು ಅವರಿಗೆ ಮೊದಲ ವಾಕ್ಯದಲ್ಲಿಯೇ ಹೇಳಬೇಕು.

ಬಾಟಲಿಯ ಮುಚ್ಚಳವನ್ನು ತೆರೆಯಬೇಡ, ತೊಳೆದು ಮತ್ತೆ ಬಳಸೋಣವೆಂಬ ಆಸೆಯೂ ಬೇಡ. ಎರಡು ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಬೀದಿಯ ನಾಯಿಗಳು ಎಳೆದಾಡದಂತೆ, ಕಸದ ಗಾಡಿಯವರು ಬಂದಾಗಲೇ ಕೈಯಾರೆ ಕೊಟ್ಟುಬಿಡು.