1970ರ ಎಂಜಿಬಿ: ಹೆಡ್‌ಲೈಟ್ ಹಾಕಿದರೆ ಇಂಡಿಕೇಟರ್ ಸೊರಗುತ್ತೆ, ಯಾರಿಗಾದರೂ ಅನುಭವ ಇದೆಯಾ?

ಕವೆಂಟ್ರಿಯಿಂದ ಪ್ರಶ್ನೆ:
ಗಾಡಿ ಬ್ರಿಟಿಷ್ ಸ್ಪೋರ್ಟ್ಸ್ ಕಾರು, 1970ರ ಎಂಜಿಬಿ ರೋಡ್‌ಸ್ಟರ್. ಹಗಲಲ್ಲಿ ಏನೂ ತೊಂದರೆ ಇಲ್ಲ. ರಾತ್ರಿ ಮಳೆಯಲ್ಲಿ ಹೆಡ್‌ಲೈಟ್, ವೈಪರ್, ಹೀಟರ್ ಫ್ಯಾನ್ ಒಟ್ಟಿಗೆ ಓಡಿಸಿದರೆ ಇಂಡಿಕೇಟರ್ ನಿಧಾನವಾಗುತ್ತೆ, ಪೆಟ್ರೋಲ್ ಮುಳ್ಳು ಇಳಿಯುತ್ತೆ, ಇಗ್ನಿಷನ್ನಿನ ಕೆಂಪು ದೀಪ ಮಂಕಾಗಿ ಉರಿಯುತ್ತೆ. ಬ್ಯಾಟರಿ ಹೊಸದು. ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ತಯಾರಿಸೋದು) ಬದಲಿಸಲೋ, ಇಡೀ ವೈರಿಂಗ್ ಹೊಸದು ಹಾಕಿಸಲೋ?

ಲೀಸೆಸ್ಟರ್‌ನಿಂದ:
ಸರ್, ಸದ್ಯಕ್ಕೆ ಎರಡೂ ಬೇಡ. ಆ ಕೆಂಪು ದೀಪವೇ ಅರ್ಧ ಉತ್ತರ ಹೇಳ್ತಿದೆ. ಅದರ ಒಂದು ತುದಿ ಬಿಳಿ ವೈರಿಗೆ, ಇನ್ನೊಂದು ತುದಿ ಕಂದು-ಹಳದಿ ವೈರಿನಲ್ಲಿ ಆಲ್ಟರ್ನೇಟರಿಗೆ. ಎರಡೂ ಕಡೆ ವೋಲ್ಟೇಜ್ ಸಮ ಇದ್ದಾಗ ದೀಪ ಆರಿರುತ್ತೆ. ಆಲ್ಟರ್ನೇಟರ್ ಕಡೆ 14, ಬಿಳಿಯಲ್ಲಿ 12 ಆದರೆ ಆ ವ್ಯತ್ಯಾಸಕ್ಕೇ ಮಂಕಾಗಿ ಉರಿಯುತ್ತೆ. ಆಲ್ಟರ್ನೇಟರಿನೊಳಗಿನ ಡಯೋಡ್ ಕೆಟ್ಟರೂ ಹೀಗಾಗಬಹುದು. ಆದರೆ ಲೋಡ್ ಬಿದ್ದಾಗ ಮಾತ್ರ ದೀಪ ಕಾಣಿಸಿಕೊಂಡು, ಜೊತೆಗೆ ಇಂಡಿಕೇಟರೂ ಸೊರಗಿದರೆ ಮೊದಲ ಅನುಮಾನ ಜಾಯಿಂಟುಗಳ ಮೇಲೆ.

ಬಣ್ಣ ನೆನಪಿಟ್ಟುಕೊಳ್ಳಿ. ಕಂದು ಬ್ಯಾಟರಿಯಿಂದ ನೇರ ಬರುತ್ತೆ, ಫ್ಯೂಸ್ ಇಲ್ಲ, ಕೀ ತೆಗೆದರೂ ಜೀವಂತ. ಅದೇ ಫ್ಯೂಸ್ ದಾಟಿದರೆ ನೇರಳೆ. ಕೀ ತಿರುಗಿಸಿದ ಮೇಲೆ ಬರುವುದು ಬಿಳಿ, ಅದಕ್ಕೂ ಫ್ಯೂಸ್ ಇಲ್ಲ. ಬಿಳಿ ಫ್ಯೂಸ್ ದಾಟಿದರೆ ಹಸಿರು. ಕಪ್ಪು ಅರ್ತ್, ಅಂದರೆ ಕರೆಂಟು ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ನಿಮ್ಮಲ್ಲಿ ಸೊರಗುತ್ತಿರುವುದೆಲ್ಲ ಹಸಿರಿನ ಮೇಲಿರುವಂಥದ್ದು. ಒಂದೊಂದನ್ನೂ ಬಿಚ್ಚಿ ರಿಪೇರಿ ಮಾಡೋದಲ್ಲ, ಅವೆಲ್ಲಕ್ಕೂ ಕರೆಂಟ್ ಬರುವ ಒಂದೇ ದಾರಿಯನ್ನು ಹುಡುಕಬೇಕು.

ಬರ್ಮಿಂಗ್‌ಹ್ಯಾಂನಿಂದ:
ಮೀಟರನ್ನು ಓಮ್‌ಗೆ ಇಟ್ಟು ಅಳೆಯಬೇಡಿ. ಒಂದೇ ಎಳೆಯಲ್ಲಿ ನೇತಾಡುತ್ತಿರುವ ವೈರೂ ಹೆಚ್ಚುಕಮ್ಮಿ ಸೊನ್ನೆ ತೋರಿಸುತ್ತೆ. ಕರೆಂಟ್ ಹರಿಯುವಾಗ ಎಷ್ಟು ವೋಲ್ಟ್ ಬೀಳುತ್ತೆ ನೋಡಬೇಕು. 0.1 ಓಮ್ ಅಡ್ಡಿ ಸಾಕು, 10 ಆಂಪಿಯರ್ ಹರಿದರೆ 1 ವೋಲ್ಟ್ ನಷ್ಟ, ಆ ಜಾಯಿಂಟಿನಲ್ಲೇ 10 ವ್ಯಾಟ್ ಬಿಸಿ.

ಎಂಜಿನ್ 2000 ಆರ್‌ಪಿಎಂನಲ್ಲಿ ಓಡಲಿ, ನೀವು ಹೇಳಿದ್ದೆಲ್ಲ ಆನ್ ಇರಲಿ. ಮೀಟರ್ ಡಿಸಿ 20 ವೋಲ್ಟ್. ಮೊದಲು ಬ್ಯಾಟರಿ: 13.8ರಿಂದ 14.4 ಇದ್ದರೆ ಆಲ್ಟರ್ನೇಟರ್ ಬಚಾವ್. ಆಮೇಲೆ ಫ್ಯೂಸ್ ಪೆಟ್ಟಿಗೆಗೆ ಬನ್ನಿ. ಕೆಂಪು ಕಡ್ಡಿ ಕಂದು ವೈರಿನ ಟರ್ಮಿನಲ್‌ಗೆ, ಕಪ್ಪು ಕಡ್ಡಿ ಬಿಳಿಗೆ. ಬರುವ ಅಂಕಿ ಇಗ್ನಿಷನ್ ಸ್ವಿಚ್ ಮತ್ತು ಅದರ ವೈರುಗಳು ತಿಂದದ್ದು. ನಂತರ ಕೆಂಪು ಬಿಳಿಗೆ, ಕಪ್ಪು ಹಸಿರಿಗೆ: ಇದು ಫ್ಯೂಸ್ ಮತ್ತು ಕ್ಲಿಪ್ಪು ತಿಂದದ್ದು. ಎರಡೂ ಸೇರಿ ಅರ್ಧ ವೋಲ್ಟ್ ಆದರೆ ಹೋಗಲಿ ಬಿಡಿ. 1 ದಾಟಿದರೆ ಕೆಲಸ ಇದೆ.

ಅರ್ತ್ ಕಡೆಯನ್ನೂ ಬಿಡಬೇಡಿ: ಬ್ಯಾಟರಿ ಮೈನಸ್‌ನಿಂದ ದೀಪದ ಕಪ್ಪು ವೈರಿಗೆ 0.2ಕ್ಕಿಂತ ಹೆಚ್ಚು ಬರಬಾರದು. ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿಗಳೇ ಇದ್ದರೆ ನಡುವಿನ ಲಿಂಕ್ ಕೇಬಲ್ಲನ್ನೂ ಬಿಚ್ಚಿ ಉಜ್ಜಿ. ಅದನ್ನು ಎಲ್ಲರೂ ಮರೀತಾರೆ. ಸ್ಟಾರ್ಟ್ ಮಾಡುವಾಗ ಚೋಕ್ ಕೇಬಲ್ ಬಿಸಿಯಾದರೆ ಎಂಜಿನ್ನಿನ ಅರ್ತ್ ಪಟ್ಟಿ ಹೋಗಿದೆ, ಸ್ಟಾರ್ಟರಿನ ಕರೆಂಟು ಕೇಬಲ್ ಹಿಡಿದು ವಾಪಸ್ ಹೋಗ್ತಿದೆ ಅಂತ ಅರ್ಥ.

ಮೈಸೂರಿನಿಂದ:
ಅಂಬಾಸಿಡರ್ ಕಡೆಯವರ ಮಾತು. ನಿಮ್ಮ 1798 ಸಿಸಿ ಎಂಜಿನ್ನೂ ನಮ್ಮ ಹಳೇ 1489 ಸಿಸಿಯೂ ಒಂದೇ ಬಿ-ಸೀರೀಸ್ ವಂಶ. ಎಲೆಕ್ಟ್ರಿಕಲ್ ಕಾಯಿಲೆಗಳೂ ಅವೇ.

ಪೆಟ್ರೋಲ್ ಮುಳ್ಳನ್ನು ಮಾತ್ರ ಬೇರೆ ಇಟ್ಟು ನೋಡಿ. ಆ ಗೇಜಿಗೆ ಹಸಿರು ನೇರ ಹೋಗಲ್ಲ, ವೋಲ್ಟೇಜನ್ನು 10ರಲ್ಲೇ ಹಿಡಿದಿಡುವ ಸ್ಟೆಬಿಲೈಸರ್ ಮೂಲಕ ಹೋಗುತ್ತೆ. ಹಸಿರು 13ರಿಂದ 12ಕ್ಕೆ ಇಳಿದರೂ ಮುಳ್ಳು ಕದಲಬಾರದು. ದೀಪ ಹಾಕಿದಾಗ ಇಳಿಯುತ್ತೆ ಅಂದರೆ ಟ್ಯಾಂಕಿನ ಸೆಂಡರ್ (ಪೆಟ್ರೋಲ್ ಮಟ್ಟವನ್ನು ಗೇಜಿಗೆ ತಿಳಿಸೋದು) ಮತ್ತು ಹಿಂದಿನ ದೀಪಗಳು ಹಂಚಿಕೊಂಡಿರುವ ಅರ್ತ್ ನೋಡಿ. ಡಿಕ್ಕಿಯಲ್ಲಿ ಕಪ್ಪು ವೈರು ಬಾಡಿಗೆ ಬಿಗಿದ ಕಡೆ ಪೇಂಟ್ ಕೆರೆದು ಲೋಹ ಹೊಳೆಯುವಂತೆ ಮಾಡಿ, ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಜೊತೆ ಹಿಂದಿನ ದೀಪವೂ ತಾಳ ಹಾಕಿದರೆ ಅದೇ ರೋಗ.

ಲಂಡನ್‌ನಿಂದ:
ಇಷ್ಟೆಲ್ಲ ಯಾಕೆ, ಹೆಡ್‌ಲೈಟಿಗೆ ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಹಾಕಿ. ಡಿಪ್ಪಿನಲ್ಲಿ 55 ವ್ಯಾಟಿನ ಎರಡು ಬಲ್ಬ್ ಅಂದರೆ ಸುಮಾರು 9 ಆಂಪಿಯರ್. ಅಷ್ಟೂ ಹಳೇ ಸ್ವಿಚ್ಚಿನೊಳಗಿಂದ, ಫ್ಯೂಸೇ ಇಲ್ಲದೆ ಹಾಯುತ್ತೆ. ದೀಪಕ್ಕೆ 1 ವೋಲ್ಟ್ ಕಮ್ಮಿಯಾದರೆ ಬೆಳಕು ಹೆಚ್ಚುಕಮ್ಮಿ ಕಾಲು ಭಾಗ ಹೋಗುತ್ತೆ. 30 ಆಂಪಿಯರಿನ ನಾಲ್ಕು ಪಿನ್ ರಿಲೇ: ಸ್ಟಾರ್ಟರ್ ಸಾಲೆನಾಯ್ಡಿನ ಬ್ಯಾಟರಿ ಬೋಲ್ಟಿನಿಂದ 15 ಆಂಪಿಯರ್ ಫ್ಯೂಸ್ ದಾಟಿಸಿ ರಿಲೇಯ 30ನೇ ನಂಬರಿನ ಪಿನ್ನಿಗೆ, 87ರಿಂದ ದೀಪಕ್ಕೆ, 85 ಅರ್ತ್‌ಗೆ. 86ಕ್ಕೆ ಡಿಪ್ಪಿನ ನೀಲಿ-ಕೆಂಪು, ಇನ್ನೊಂದು ರಿಲೇಗೆ ಹೈಬೀಮಿನ ನೀಲಿ-ಬಿಳಿ. ವೈರು 2 ಚದರ ಮಿಲಿಮೀಟರ್.

ಲೀಸೆಸ್ಟರ್‌ನಿಂದ:
ರಿಲೇ ಒಳ್ಳೇದೇ, ಆದರೆ ಮೊದಲು ಅಲ್ಲ. ಹೆಡ್‌ಲೈಟಿನ ಹೊರೆ ಇಳಿದರೂ ಬಿಳಿಯ ಕೊರತೆ ಹಾಗೇ ಉಳಿಯುತ್ತೆ.

ಕವೆಂಟ್ರಿಯಿಂದ:
ಅಳೆದೆ. ಬ್ಯಾಟರಿ 14.1. ಕಂದು-ಬಿಳಿ ನಡುವೆ 1.5, ಬಿಳಿ-ಹಸಿರು 0.6.

ಬರ್ಮಿಂಗ್‌ಹ್ಯಾಂನಿಂದ:
ಆಲ್ಟರ್ನೇಟರ್ ಮುಟ್ಟಬೇಡಿ. ಇದೇ ಅಳತೆಯನ್ನು ಇಗ್ನಿಷನ್ ಸ್ವಿಚ್ಚಿನ ಬೆನ್ನಿನಲ್ಲೇ, ಕಂದು-ಬಿಳಿ ನಡುವೆ ಮಾಡಿ. ಅಲ್ಲೂ 1.2, 1.3 ಬಂದರೆ ಸ್ವಿಚ್ಚಿನೊಳಗಿನ ಕಾಂಟ್ಯಾಕ್ಟ್ ಸವೆದಿದೆ, ಸ್ವಿಚ್ ಬದಲಿಸಿ. ಅಲ್ಲಿ 0.2 ಬಂದರೆ ಸ್ವಿಚ್ ಚೆನ್ನಾಗಿದೆ, ದಾರಿಯ ಬುಲೆಟ್ ಜಾಯಿಂಟುಗಳನ್ನು (ವೈರಿನ ತುದಿಯ ಲೋಹದ ಬುಲೆಟ್ಟನ್ನು ತೋಳಿನೊಳಗೆ ತೂರಿಸುವ ಜೋಡಣೆ) ಹಿಡೀರಿ. ಹಿತ್ತಾಳೆ ಬುಲೆಟ್ಟಿಗೆ ಕಿಲುಬು ಹಿಡಿದಿದ್ದರೆ ಉಜ್ಜಿದರೆ ಸಾಕು. ರಬ್ಬರ್ ತೋಳಿನೊಳಗಿನ ಲೋಹದ ಕೊಳವೆ ತುಕ್ಕು ಹಿಡಿದು ಸಡಿಲಾಗಿದ್ದರೆ ಉಜ್ಜಿ ಪ್ರಯೋಜನವಿಲ್ಲ, ತೋಳನ್ನೇ ಹೊಸದು ಹಾಕಿ.

0.6 ಫ್ಯೂಸ್ ಪೆಟ್ಟಿಗೆಯದು. ಕ್ಲಿಪ್ಪುಗಳನ್ನು ನಯವಾದ ಎಮರಿ ಪೇಪರಿನಲ್ಲಿ ಉಜ್ಜಿ, ಮೂತಿ ಸ್ವಲ್ಪ ಒತ್ತಿ ಬಿಗಿ ಮಾಡಿ, ತೆಳ್ಳಗೆ ವ್ಯಾಸಲೀನ್ ಸವರಿ. ಇಷ್ಟಾದರೂ ಇಳಿಯದಿದ್ದರೆ ಕ್ಲಿಪ್ಪನ್ನು ಹಿಂದಿನ ಟರ್ಮಿನಲ್‌ಗೆ ಕೂಡಿಸುವ ರಿವೆಟ್ ಒಳಗೆ ಕಿಲುಬು ಇದೆ. ಅದು ಉಜ್ಜಲು ಸಿಗಲ್ಲ, ಪೆಟ್ಟಿಗೆ ಬದಲಿಸೋದೇ ವಾಸಿ. ಫ್ಯೂಸ್ ಕೊಳ್ಳುವಾಗ ಎಚ್ಚರ: ಲೂಕಾಸ್ ಗಾಜಿನ ಫ್ಯೂಸಿನ ಮೇಲಿನ 35 ಆಂಪಿಯರ್ ಸುಟ್ಟುಹೋಗುವ ಮಟ್ಟ, ಸತತವಾಗಿ ತಾಳುವುದು 17 ಮಾತ್ರ. ಅಮೆರಿಕನ್ ಲೆಕ್ಕದ, ಅಂದರೆ ಸತತವಾಗಿ ತಾಳುವ 35 ಹಾಕಿದರೆ ಫ್ಯೂಸಿಗಿಂತ ಮೊದಲು ವೈರು ಕರಗಬಹುದು. ಡ್ಯಾಶಿನ ಹಿಂದೆ ಕೈ ಹಾಕುವ ಮುಂಚೆ ಬ್ಯಾಟರಿಯ ಅರ್ತ್ ಬಿಚ್ಚಿ, ಕಂದು ವೈರಿಗೆ ಕಾವಲು ಯಾವುದೂ ಇಲ್ಲ.